ಕಣ್ಣಿಗೆ ಕಾಣದ ಜೀವಿಗಳ ವಿಷಯವಾದ ಪಾಠ

ತುಂಗಭದ್ರೆಯ ಎಡದಂಡೆಯ ಕಾಲುವೆಯು ಬಂದ ಮೇಲೆ ಕಾರಟಗಿಯ ಸೀಮೆಯ ಜೀವನಕ್ರಮವೇ ಬದಲಾಯಿತು. 1953ನೆಯ ಇಸವಿಯಲ್ಲಿ ಅಣೆಕಟ್ಟು ಪೂರೈಸುವದಕ್ಕೆ ಮುಂಚೆ ಮಳೆಯನ್ನೇ ನಂಬಿ ಜೋಳ ಸಜ್ಜೆಗಳನ್ನು ಬೆಳೆಯುತ್ತಿದ್ದ ಹೊಲಗಳು ಈಗ ಭತ್ತದ ಗದ್ದೆಗಳಾಗಿವೆ. ಊರ ಸುತ್ತಲೂ ಅಕ್ಕಿಯ ಗಿರಣಿಗಳು ಎದ್ದಿವೆ. ಆದರೆ ಗದ್ದೆಗೆ ಹರಿಯುವ ಆ ನೀರನ್ನೇ ಕೆರೆಗೆ ತುಂಬಿಸಿಕೊಂಡು ಅನೇಕ ಹಳ್ಳಿಗಳವರು ಕುಡಿಯುತ್ತಾರೆ. ಅದೇ ಕಾಲುವೆಯಲ್ಲಿ ಬಟ್ಟೆ ಒಗೆಯುವದು, ಎಮ್ಮೆ ಮೈ ತೊಳೆಯುವದು, ಅದರ ದಂಡೆಯಲ್ಲಿಯೇ ಬಹಿರ್ದೆಸೆಗೆ ಕೂಡ್ರುವದು ಉಂಟು. 2023ನೆಯ ಇಸವಿಯ ಜೂನ್ ತಿಂಗಳಲ್ಲಿ ನೆರೆಯ ಕನಕಗಿರಿ ತಾಲೂಕಿನ ಬಸರಿಹಾಳ ಗ್ರಾಮದಲ್ಲಿ ವಾಂತಿಭೇದಿಯು ತಲೆದೋರಿ ಜೀವಹಾನಿಯಾದದ್ದನ್ನು ನಮ್ಮ ವಾಚಕರು ಮರೆತಿರಲಾರರು. ಆ ದಿವಸಗಳಲ್ಲಿ ಎಲ್ಲರ ಬಾಯಲ್ಲಿಯೂ ನೀರಿನ ಮಾತೇ. ಆದರೂ ನೀರು ಕೆಟ್ಟಿದೆ ಅಂದರೇನು? ಅದರೊಳಗೆ ಸೇರಿರುವದು ಯಾವದು? ಅದು ಮನುಷ್ಯನ ಹೊಟ್ಟೆಯೊಳಗೆ ಏನು ಮಾಡುವದು? ಇಷ್ಟನ್ನು ತಿಳಿಯದಿದ್ದರೆ ನೀರನ್ನು ಕುದಿಸಿ ಕುಡಿಯಿರಿ ಎಂಬ ಬುದ್ಧಿಮಾತು ಎರಡು ವಾರ ನಿಂತು ಮೂರನೆಯ ವಾರಕ್ಕೆ ಮಾಯವಾಗುವದು. ಆದಕಾರಣ ಈ ತಿಂಗಳ ಪಾಠವನ್ನು ಸೂಕ್ಷ್ಮಜೀವಿಗಳ ಸಂಗತಿಗೆ ಕೊಟ್ಟಿದ್ದೇವೆ.

ಈ ಜೀವಿಗಳನ್ನು ಕಂಡು ಮೊದಲು ವರ್ಣಿಸಿದವನು ವಿದ್ವಾಂಸನಲ್ಲ, ಹಾಲೆಂಡ್ ದೇಶದ ಡೆಲ್ಫ್ಟ್ ಪಟ್ಟಣದ ಅರಿವೆಯ ವ್ಯಾಪಾರಿಯಾದ ಲ್ಯೂವೆನ್‌ಹುಕ್ ಎಂಬವನು. ಅವನು ತಾನೇ ಅರೆದು ಮಾಡಿದ ಸಣ್ಣ ಮಸೂರಗಳಿಂದ ನೀರಿನ ಹನಿಗಳನ್ನು ನೋಡಿ, ಅವುಗಳಲ್ಲಿ ಓಡಾಡುವ ಪ್ರಾಣಿಗಳಿವೆಯೆಂದು 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದನು. ಅವು ಎಷ್ಟು ಸಣ್ಣವು? ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರೋಮೀಟರ್ ಎಂದು ಹೆಸರು. ಸಾಧಾರಣವಾದ ಬ್ಯಾಕ್ಟೀರಿಯವು ಒಂದೆರಡು ಮೈಕ್ರೋಮೀಟರ್ ಉದ್ದವಾಗಿರುವದು. ನಮ್ಮ ಗಿರಣಿಗಳಿಂದ ಬರುವ ಅಕ್ಕಿಕಾಳು ಸುಮಾರು 5 ಮಿಲಿಮೀಟರ್ ಉದ್ದವೆಂದು ಹಿಡಿದರೆ, ಅದರ ಮೇಲೆ ಎರಡು ಮೈಕ್ರೋಮೀಟರಿನವುಗಳನ್ನು ಒಂದರ ಹಿಂದೆ ಒಂದರಂತೆ ಮಲಗಿಸುವದಕ್ಕೆ 2,500 ಬೇಕಾಗುವವು. ಹೀಗಿರಲಾಗಿ, ತಂಬಿಗೆಯ ನೀರನ್ನು ಬೆಳಕಿಗೆ ಹಿಡಿದು, ತಿಳಿಯಾಗಿದೆ, ಕುಡಿಯಬಹುದು ಎಂದು ಹೇಳುವ ಹಿರಿಯರ ಕಣ್ಣು ಎಷ್ಟು ಚುರುಕಾಗಿದ್ದರೂ ಈ ಕೆಲಸಕ್ಕೆ ಸಾಲದು.

ಜೀವವುಳ್ಳದ್ದೆಲ್ಲವೂ ಜೀವಕೋಶಗಳಿಂದ ಆಗಿದೆ. ನಮ್ಮ ದೇಹದಲ್ಲಿ ಲಕ್ಷಾಂತರ ಕೋಟಿ ಕೋಶಗಳು ಕೆಲಸವನ್ನು ಹಂಚಿಕೊಂಡಿರುವವು. ಬ್ಯಾಕ್ಟೀರಿಯಕ್ಕಾದರೋ ಒಂದೇ ಕೋಶ, ಆ ಒಂದರಲ್ಲಿಯೇ ಉಣ್ಣುವದು, ಬೆಳೆಯುವದು, ಸಂತಾನ ಮಾಡುವದು ಎಲ್ಲವೂ ನಡೆಯಬೇಕು. ಅದರ ಹೊರಗೆ ಗಟ್ಟಿಯಾದ ಗೋಡೆ. ಗೋಡೆಯ ಒಳಮೈಗೆ ಅಂಟಿಕೊಂಡು ತೆಳುವಾದ ಪೊರೆ. ಗೋಡೆಯು ಆಕಾರವನ್ನು ಕಾಯುವದು. ಪೊರೆಯಾದರೋ ಬಾಗಿಲು ಕಾಯುವವನ ಹಾಗೆ, ಬೇಕಾದದ್ದನ್ನು ಒಳಗೆ ಬಿಟ್ಟು ಬೇಡವಾದದ್ದನ್ನು ಹೊರಗಿಡುವದು. ಒಳಗಿನ ಲೋಳೆಯಂಥ ದ್ರವದಲ್ಲಿ ವಂಶದ ಗುಣಗಳನ್ನೆಲ್ಲಾ ಹೊತ್ತಿರುವ ಡಿ.ಎನ್.ಎ. ಎಂಬ ನೂಲು ಸುರುಳಿಯಾಗಿ ಬಿದ್ದಿರುವದು. ನಮ್ಮ ಕೋಶಗಳಲ್ಲಿ ಈ ನೂಲಿಗೆ ಕೋಶಕೇಂದ್ರವೆಂಬ ಪ್ರತ್ಯೇಕವಾದ ಕೋಣೆ ಇರುವದು. ಬ್ಯಾಕ್ಟೀರಿಯಕ್ಕೆ ಆ ಕೋಣೆ ಇಲ್ಲ. ಅದೇ ದ್ರವದಲ್ಲಿ ರೈಬೋಸೋಮುಗಳೆಂಬ ಸಹಸ್ರಾರು ಕಣಗಳು ನೂಲಿನ ಅಪ್ಪಣೆಯಂತೆ ಸಸಾರಜನಕಗಳನ್ನು ಹೆಣೆಯುತ್ತವೆ. ಕೆಲವಕ್ಕೆ ಈಜುವದಕ್ಕೆ ಬಾಲದಂಥ ಎಳೆಯೂ ಉಂಟು. ಬೂಷ್ಟು, ಯೀಸ್ಟ್, ಮಲೇರಿಯದ ಪರೋಪಜೀವಿ ಇವುಗಳಿಗೆ ನಮ್ಮ ಹಾಗೆಯೇ ಕೋಶಕೇಂದ್ರವಿದೆ. ವೈರಸ್ ಎಂಬದು ಇನ್ನೂ ಬೇರೆ: ಅದಕ್ಕೆ ಕೋಶವೇ ಇಲ್ಲ, ಸಸಾರಜನಕದ ಚೀಲದಲ್ಲಿ ಕಟ್ಟಿದ ಅಪ್ಪಣೆಯ ಚೀಟಿ ಮಾತ್ರ, ಮತ್ತೊಬ್ಬರ ಕೋಶಕ್ಕೆ ನುಗ್ಗಿ ಅಲ್ಲಿಯ ಸಾಮಗ್ರಿಯಿಂದಲೇ ತನ್ನಂಥವುಗಳನ್ನು ಮಾಡಿಸಿಕೊಳ್ಳುವದು.

ಇವು ಉಣ್ಣುವ ಬಗೆಯನ್ನು ತಿಳಿಯಬೇಕಾದರೆ ದೂರ ಹೋಗಬೇಕಾಗಿಲ್ಲ, ಅಡಿಗೆಮನೆಯ ಮೊಸರಿನ ಗಡಿಗೆ ಸಾಕು. ಉಗುರುಬೆಚ್ಚಗಿನ ಹಾಲಿಗೆ ನಮ್ಮ ತಾಯಂದಿರು ಒಂದು ಚಮಚ ಹೆಪ್ಪು ಹಾಕುವಾಗ ಕೋಟ್ಯಂತರ ಬ್ಯಾಕ್ಟೀರಿಯಗಳನ್ನು ಬಿತ್ತುತ್ತಾರೆ. ಅವು ಹಾಲಿನ ಸಕ್ಕರೆಯನ್ನು ಮುರಿದು ಲ್ಯಾಕ್ಟಿಕ್ ಆಮ್ಲವನ್ನು ಮಾಡುವವು. ಆ ಹುಳಿಯಿಂದ ಹಾಲಿನ ಸಸಾರಜನಕವು ಗಟ್ಟಿಯಾಗಿ ಮೊಸರಾಗುವದು. ಅವು ಯಾತಕ್ಕಾಗಿ ಸಕ್ಕರೆಯನ್ನು ಮುರಿಯುತ್ತವೆ? ಶಕ್ತಿಗಾಗಿಯೇ. ರೈತನ ಹಗೇವಿನಲ್ಲಿ ನೂರು ಚೀಲ ಧಾನ್ಯವಿದ್ದರೂ ಸಂತೆಯಲ್ಲಿ ಉಪ್ಪು ಕೊಳ್ಳುವದಕ್ಕೆ ಕೈಯಲ್ಲಿ ಚಿಲ್ಲರೆ ಬೇಕಷ್ಟೇ. ಹಾಗೆಯೇ ಸಕ್ಕರೆಯಲ್ಲಿರುವ ಶಕ್ತಿಯನ್ನು ಪ್ರತಿ ಕೋಶವೂ ಎ.ಟಿ.ಪಿ. ಎಂಬ ಚಿಲ್ಲರೆಯಾಗಿ ಮುರಿಸಿಕೊಂಡು ಖರ್ಚುಮಾಡುವದು. ಆಮ್ಲಜನಕವಿದ್ದು ಸಕ್ಕರೆಯು ಪೂರ್ಣವಾಗಿ ಉರಿದರೆ ಚಿಲ್ಲರೆ ಬಹಳ. ಆಮ್ಲಜನಕವಿಲ್ಲದೆ ಹುದುಗಿದರೆ ಸ್ವಲ್ಪವೇ, ಮಿಕ್ಕದ್ದು ಹುಳಿಯಾಗಿಯೋ ಮದ್ಯವಾಗಿಯೋ ಹೊರಗೆ ಬೀಳುವದು. ಈ ಎಲ್ಲಾ ಕಾರ್ಯಗಳನ್ನು ನಡಿಸುವವು ಕಿಣ್ವಗಳೆಂಬ ಸಸಾರಜನಕಗಳು. ಚಳಿಯಲ್ಲಿ ಅವುಗಳ ಕೆಲಸ ನಿಧಾನ, ಬೆಚ್ಚಗಿನಲ್ಲಿ ಚುರುಕು, ಕುದಿಯುವ ನೀರಿನಲ್ಲಿ ಅವು ಬೆಂದು ಕೆಟ್ಟುಹೋಗುವವು. ಮಾಗಿಯಲ್ಲಿ ಮೊಸರು ತಡವಾಗುವದಕ್ಕೂ, ಕುದಿಯುವ ಹಾಲಿಗೆ ಹಾಕಿದ ಹೆಪ್ಪು ಸತ್ತುಹೋಗುವದಕ್ಕೂ, ಕುದಿಸಿದ ನೀರು ನಿರಪಾಯವಾಗುವದಕ್ಕೂ ಕಾರಣವು ಇದೇ. ನೀರು ಗುಳ್ಳೆಯೆದ್ದು ಒಂದು ನಿಮಿಷ ಕುದಿದರೆ ಸಾಕು. ಅರ್ಧ ಗಂಟೆ ಸೌದೆಯನ್ನು ಸುಡಬೇಕಾಗಿಲ್ಲ.

ಅನುಕೂಲವಾದ ಆಹಾರವೂ ದೇಹದಷ್ಟು ಬಿಸಿಯೂ ದೊರೆತರೆ ನಮ್ಮ ಕರುಳಿನ ಇ. ಕೋಲೈ ಎಂಬ ಬ್ಯಾಕ್ಟೀರಿಯವು 20 ನಿಮಿಷಗಳಿಗೊಮ್ಮೆ ಒಂದು ಎರಡಾಗಿ ಸೀಳುವದು. ಏಳು ಗಂಟೆಗಳಲ್ಲಿ ಒಂದರಿಂದ 20 ಲಕ್ಷಕ್ಕೆ ಮೇಲ್ಪಟ್ಟು, ಹತ್ತು ಗಂಟೆಗಳಲ್ಲಿ 107 ಕೋಟಿ! ಆಹಾರವು ತೀರಿಹೋಗುವದರಿಂದಲೂ ತಮ್ಮ ಹೊಲಸೇ ತಮಗೆ ವಿಷವಾಗುವದರಿಂದಲೂ ಈ ಲೆಕ್ಕವು ಹೀಗೆಯೇ ಮುಂದುವರಿಯುವದಿಲ್ಲ. ಅಕ್ಕಿಯ ನಾಡಿನವರಾದ ನಾವು ಇನ್ನೊಂದನ್ನು ನೆನಪಿಡಬೇಕು. ಬ್ಯಾಸಿಲಸ್ ಸೀರಿಯಸ್ ಎಂಬದು ಕಷ್ಟಕಾಲದಲ್ಲಿ ಗಟ್ಟಿ ಕವಚದ ಬೀಜಕವಾಗಿ ಮಲಗಿಬಿಡುವದು. ಅನ್ನ ಬೇಯುವ ಬಿಸಿಗೂ ಅದು ಸಾಯದು. ರಾತ್ರಿಯ ಅನ್ನವನ್ನು ಪಾತ್ರೆಯಲ್ಲಿ ಬೆಚ್ಚಗೆ ಮುಚ್ಚಿಟ್ಟರೆ ಅದು ಎಚ್ಚತ್ತು ಬೆಳೆದು ವಿಷವನ್ನು ಬಿಡುವದು. ಮುಂಜಾನೆ ಅದಕ್ಕೆ ಒಗ್ಗರಣೆ ಹಾಕಿ ಎಷ್ಟು ಬಿಸಿ ಮಾಡಿದರೂ ವಾಂತಿಯನ್ನು ತರುವ ಆ ವಿಷವು ಅಳಿಯದು. ಮದುವೆಯ ಮನೆಗಳಲ್ಲಿ ಉಳಿದ ಅನ್ನದ ವಿಷಯವಾಗಿ ನಾವು ಹೇಳುವದು ಇಷ್ಟಕ್ಕೇ.

ಇನ್ನು ಕಾಲರಾ. ರಾಬರ್ಟ್ ಕಾಕ್ ಎಂಬ ಜರ್ಮನ್ ವೈದ್ಯನು 1882ರಲ್ಲಿ ಕ್ಷಯರೋಗದ ಬ್ಯಾಕ್ಟೀರಿಯವನ್ನು ಕಂಡುಹಿಡಿದು, 1884ರಲ್ಲಿ ಕಲ್ಕತ್ತೆಗೆ ಬಂದಿದ್ದಾಗ, ಕುಡುಗೋಲಿನ ಅಲಗಿನಂತೆ ಬಾಗಿದ ಕಾಲರಾ ಬ್ಯಾಕ್ಟೀರಿಯವನ್ನು ರೋಗಿಗಳ ಕರುಳಿನಲ್ಲಿಯೂ ಅವರು ಬಳಸಿದ ಕೆರೆಯ ನೀರಿನಲ್ಲಿಯೂ ತೋರಿಸಿದನು. 1895ರಲ್ಲಿ ಬೆಂಗಳೂರಿನಲ್ಲಿ ಕಾಲರಾ ಎದ್ದಾಗ ಅಲ್ಲಿಗೆ ಕಳುಹಿಸಲ್ಪಟ್ಟ ರೊನಾಲ್ಡ್ ರಾಸ್ ಎಂಬ ವೈದ್ಯನೇ 1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಪರೋಪಜೀವಿಯನ್ನು ಕಂಡನು. ಆಗ ಕಾರಟಗಿಯೂ ಅದೇ ನಿಜಾಮರ ಸೀಮೆಗೆ ಸೇರಿತ್ತು. ಆದರೆ ಕಾಲರಾದಲ್ಲಿ ಮನುಷ್ಯನು ಒಂದೇ ದಿವಸದಲ್ಲಿ ಒಣಗಿ ಸಾಯುವದು ಯಾಕೆ ಎಂಬದು 1959ರ ತನಕ ಸ್ಪಷ್ಟವಾಗಿರಲಿಲ್ಲ. ಆ ವರುಷ ಕಲ್ಕತ್ತೆಯ ಶಂಭುನಾಥ ಡೇ ಎಂಬವರು ಬ್ಯಾಕ್ಟೀರಿಯಗಳನ್ನು ಸೋಸಿ ತೆಗೆದ ದ್ರವವನ್ನು ಮಾತ್ರ ಮೊಲದ ಕರುಳಿಗೆ ಹಾಕಿ, ಅದರಿಂದಲೇ ಕರುಳು ನೀರಿನಿಂದ ಉಬ್ಬುವದನ್ನು ತೋರಿಸಿದರು. ಕೊಲ್ಲುವದು ಅದರ ವಿಷ. ಅದು ಕರುಳಿನ ಕೋಶಗಳನ್ನು ಹೊಕ್ಕು, ತೂಬನ್ನು ಎತ್ತಿ ಬಿಟ್ಟಂತೆ, ದೇಹದ ಉಪ್ಪನ್ನೂ ನೀರನ್ನೂ ಹೊರಗೆ ಹರಿಸುವದು.

ಇಲ್ಲಿ ವಾಚಕರು ಚೆನ್ನಾಗಿ ಗಮನಿಸಬೇಕು. ಆ ವಿಷವು ಎಲ್ಲಾ ಬಾಗಿಲುಗಳನ್ನು ಕೆಡಿಸಲಾರದು. ಸಕ್ಕರೆಯೂ ಉಪ್ಪೂ ಜೊತೆಯಾಗಿ ಬಂದರೆ ಅವೆರಡನ್ನೂ ಒಳಗೆ ಸೆಳೆಯುವ ಒಂದು ಬಾಗಿಲು ಕರುಳಿನ ಕೋಶಗಳಲ್ಲಿ ರೋಗದ ಸಮಯದಲ್ಲಿಯೂ ತೆರೆದೇ ಇರುವದು. ಅವುಗಳ ಹಿಂದೆ ನೀರೂ ಒಳಗೆ ಬರುವದು. ಬರೀ ನೀರನ್ನು ಎಷ್ಟು ಕುಡಿಸಿದರೂ ಆಗದ ಕೆಲಸ ಚಿಟಿಕೆ ಉಪ್ಪು ಸಕ್ಕರೆಗಳಿಂದ ಆಗುವದು ಹೀಗೆ. 1971ರಲ್ಲಿ ಬಂಗಾಳದ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಹಾಕುವ ಸಲೈನ್ ತೀರಿಹೋಗುತ್ತಿರಲಾಗಿ, ಡಾಕ್ಟರ್ ದಿಲೀಪ ಮಹಾಲನಾಬಿಸರು ಉಪ್ಪು ಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಅವರ ಆರೈಕೆಯಲ್ಲಿ ಸತ್ತವರು ನೂರಕ್ಕೆ ನಾಲ್ಕರೊಳಗೆ. ಓ.ಆರ್.ಎಸ್. ಪೊಟ್ಟಣವನ್ನು ಆಶಾ ಕಾರ್ಯಕರ್ತೆಯರು ಕೊಡುತ್ತಾರೆ. ಅದು ಕೈಗೆ ಸಿಗುವ ತನಕ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಣ್ಣ ಚಮಚೆಯಿಂದ ಮಟ್ಟವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಕೈ ಅಂದಾಜಿನಿಂದ ಹಾಕಬಾರದು. ವಾಂತಿಯಾದರೆ ಹತ್ತು ನಿಮಿಷ ತಡೆದು ಗುಟುಕು ಗುಟುಕಾಗಿ ಕುಡಿಸುವದು. ಕೂಸಿಗೆ ಎದೆಹಾಲನ್ನು ನಿಲ್ಲಿಸಕೂಡದು. ಭೇದಿಯಾದವರಿಗೆ ನೀರು ಕೊಟ್ಟರೆ ಇನ್ನೂ ಹೆಚ್ಚುವದೆಂದು ಬಾಯಿ ಒಣಗಿಸುವ ಹಳೆಯ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಇದಕ್ಕಿಂತ ಕೆಟ್ಟ ಪದ್ಧತಿಯನ್ನು ನಾವು ಕಾಣೆವು. ಕಣ್ಣು ಗುಳಿಬಿದ್ದು ಮೂತ್ರವು ನಿಂತರೆ ತಡಮಾಡದೆ ದವಾಖಾನೆಗೆ ಒಯ್ಯಬೇಕು.

ಕುದಿಸಲಾರದವರು ಕ್ಲೋರಿನ್ ಮಾತ್ರೆಯನ್ನು ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಬಹುದು. ಆದರೆ ಕ್ಲೋರಿನ್ನಿಗೆ ಬ್ಯಾಕ್ಟೀರಿಯ ಯಾವದು, ಕೆಸರಿನ ಕಸ ಯಾವದು ಎಂಬ ಭೇದವಿಲ್ಲ. ಎರಡರ ಮೇಲೂ ಖರ್ಚಾಗಿಹೋಗುವದು. ಕಾಲುವೆಯ ರಾಡಿನೀರಿಗೆ ಹಾಗೆಯೇ ಹಾಕಿದರೆ ಅರ್ಧವು ವ್ಯರ್ಥ. ಮೊದಲು ನಾಲ್ಕು ಮಡಿಕೆಯ ಬಟ್ಟೆಯಿಂದ ಸೋಸಿ, ಹರವಿಯಲ್ಲಿ ತಿಳಿಯಾಗಲಿಕ್ಕೆ ಬಿಟ್ಟು, ಆಮೇಲೆ ಹಾಕತಕ್ಕದ್ದು. ನೀರಿನಲ್ಲಿ ಮಲ ಸೇರಿದೆಯೋ ಎಂದು ನೋಡುವದಕ್ಕೆ ಒಂದು ಸಣ್ಣ ಬಾಟಲಿಯ ಪರೀಕ್ಷೆಯುಂಟು: ನೀರನ್ನು ತುಂಬಿ ಒಂದೆರಡು ದಿವಸ ಬೆಚ್ಚಗಿಟ್ಟಾಗ ಅದು ಕಪ್ಪಗಾದರೆ ಕರುಳಿನ ಬ್ಯಾಕ್ಟೀರಿಯಗಳು ಇರುವ ಸಂಭವವೆಂದು ತಿಳಿಯುವದು. ಇದನ್ನು ಗ್ರಾಮ ಪಂಚಾಯತಿಯವರಲ್ಲಿ ಕೇಳುವದಕ್ಕೆ ಸಂಕೋಚಪಡಬೇಕಾಗಿಲ್ಲ.

ಗೋಡೆಯ ಮಾತನ್ನು ಮೇಲೆ ಹೇಳಿದೆವು. 1928ರಲ್ಲಿ ಫ್ಲೆಮಿಂಗ್ ಕಂಡ ಪೆನಿಸಿಲಿನ್ ಬ್ಯಾಕ್ಟೀರಿಯದ ಆ ಗೋಡೆ ಕಟ್ಟುವ ಕೆಲಸವನ್ನೇ ಕೆಡಿಸುವದು. ನಮ್ಮ ಕೋಶಗಳಿಗೆ ಅಂಥ ಗೋಡೆ ಇಲ್ಲದ್ದರಿಂದ ಅವು ಬದುಕುವವು. ವೈರಸ್ಸಿಗೆ ಗೋಡೆಯೂ ಇಲ್ಲ, ಕೋಶವೂ ಇಲ್ಲ. ಆದದರಿಂದ ನೆಗಡಿಗೆಂದು ಅಂಗಡಿಯಲ್ಲಿ ಕೊಂಡ ಎರಡು ಪ್ರತಿಜೀವಕದ ಮಾತ್ರೆಗಳು ನೆಗಡಿಯನ್ನು ಮುಟ್ಟುವದಿಲ್ಲ, ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಗಳಿಗೆ ಮದ್ದನ್ನು ಜಯಿಸುವ ಅಭ್ಯಾಸವನ್ನು ಮಾಡಿಸುವವು.

ಕಡೆಗೆ ಗದ್ದೆಯ ಸಂಗತಿ. ಭತ್ತದ ಮಡಿಗಳಲ್ಲಿ ನಿಂತ ನೀರಿನಲ್ಲಿ ಕ್ಯೂಲೆಕ್ಸ್ ಜಾತಿಯ ಸೊಳ್ಳೆಗಳು ಹುಟ್ಟುವವು. ಹಂದಿಗಳಲ್ಲಿಯೂ ಬೆಳ್ಳಕ್ಕಿ ಮೊದಲಾದ ನೀರುಹಕ್ಕಿಗಳಲ್ಲಿಯೂ ಇರುವ ಜಪಾನಿ ಮಿದುಳುಜ್ವರದ ವೈರಸ್ಸನ್ನು ಅವು ಸಂಜೆಯಿಂದ ಕಚ್ಚಿ ನಮ್ಮ ಮಕ್ಕಳಿಗೆ ತರುವವು. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳು ಈ ರೋಗದ ಸೀಮೆಗೆ ಸೇರಿವೆ. ಸೋಂಕಿದವರಲ್ಲಿ ಬಹುಮಂದಿಗೆ ಏನೂ ತೋರುವದಿಲ್ಲ. ಆದರೆ ಜ್ವರವು ಮಿದುಳಿಗೆ ಏರಿದವರಲ್ಲಿ ನೂರಕ್ಕೆ ಮೂವತ್ತರ ವರೆಗೆ ಸಾಯುವದುಂಟು, ಉಳಿದವರಲ್ಲಿಯೂ ಅನೇಕರ ಮಾತು, ನಡೆ, ಬುದ್ಧಿ ಕುಂದುವವು. ಇದನ್ನು ಕೊಲ್ಲುವ ಮದ್ದು ಇಲ್ಲ, ಲಸಿಕೆ ಇದೆ. ಮಗುವಿಗೆ 9 ತಿಂಗಳು ತುಂಬಿದ ಮೇಲೆ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ, ಸರಕಾರಿ ಆರೋಗ್ಯ ಕೇಂದ್ರದಲ್ಲಿ ಹಣವಿಲ್ಲದೆ ಹಾಕುತ್ತಾರೆ. ನಾಟಿಯ ಕೆಲಸದ ಗಡಿಬಿಡಿಯಲ್ಲಿ ಎರಡನೆಯ ಸರದಿ ತಪ್ಪಿಹೋಗಿರಬಹುದು. ತಾಯಿ ಕಾರ್ಡನ್ನು ತೆಗೆದು ಜೆ.ಇ. ಎಂಬ ಅಕ್ಷರಗಳ ಎದುರಿಗೆ ಎರಡು ತಾರೀಖುಗಳು ಬರೆದಿವೆಯೋ ನೋಡಿರಿ.