ಸೊಂಟ ಬಿಟ್ಟ ಸಿಪಾಯಿಗಳು

1. ಜಿ.ಐ. ಜೋ ಕಾರ್ಟೂನ್ ಆಮೇಲೆ ನೋಡಿ, ಮೊದಲು ಆಟಿಕೆ ರಿಪೇರಿ ಮಾಡಿ. ಅಟ್ಟದ ಟ್ರಂಕಿನಲ್ಲಿದ್ದ ನನ್ನ ಜಿ.ಐ. ಜೋ ಸಿಪಾಯಿಗಳನ್ನು ಇಪ್ಪತ್ತೈದು ವರ್ಷಗಳ ಮೇಲೆ ಎತ್ತಿಕೊಂಡಾಗ ಎದೆ ಕೈಯಲ್ಲಿ ಉಳಿಯಿತು, ಕಾಲು ನೆಲಕ್ಕೆ ಬಿತ್ತು. ಎಸೆಯಬೇಡಿ. 3¾ ಇಂಚಿನ ಆ ಮೈಯೊಳಗೆ ಕರಿ ರಬ್ಬರಿನ ಪುಟ್ಟ ಬಳೆಯಿದೆ, ಓ-ರಿಂಗ್. ಎದೆಗೂ ಕಾಲಿಗೂ ಅದೊಂದೇ ನಂಟು. ರಬ್ಬರು ಒಣಗಿ ಕಡಿದಿರುತ್ತದೆ, ಅಷ್ಟೆ. ಬೆನ್ನಿನ ಸ್ಕ್ರೂ ಬಿಚ್ಚಿ, ಹೊಸ ರಿಂಗನ್ನು ಕಾಲಿನ ಲೋಹದ ಕೊಕ್ಕೆಗೆ ಸಿಕ್ಕಿಸಿ, ಮೇಲ್ತುದಿಯನ್ನು ಎದೆಯೊಳಗಿನ ಸ್ಕ್ರೂ ಕಂಬಕ್ಕೆ ಎಳೆದು ಹಾಕಿ. ರಿಂಗ್ ದಪ್ಪವಾದರೆ ಬೆನ್ನು ಮುಚ್ಚುವುದಿಲ್ಲ. ಸಡಿಲವಾದರೆ ಸಿಪಾಯಿ ತೂರಾಡುತ್ತಾನೆ.

2. ಕೋವಿ ಹಿಡಿಸುವ ಆತುರ ಬೇಡ. ಹಳೆಯ ಪ್ಲಾಸ್ಟಿಕ್ ಪೆಡಸಾಗಿರುತ್ತದೆ. ಒಬ್ಬನ ಹೆಬ್ಬೆರಳನ್ನು ನಾನೇ ಮುರಿದೆ, ಇವತ್ತಿಗೂ ಸಂಕಟವಾಗುತ್ತದೆ. ಈಗ ಸಿಪಾಯಿಯ ಕೈಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ಮೆತ್ತಗಾದ ಮೇಲಷ್ಟೇ ಕೋವಿ ಕೊಡುತ್ತೇನೆ.

3. ಹೊಸ ಬಣ್ಣ ಬಳಿಯಬೇಡಿ. ನಮ್ಮಲ್ಲಿ ಫನ್‌ಸ್ಕೂಲ್ ಕಂಪನಿ ತಯಾರಿಸಿದ ಕೆಲವು ಸಿಪಾಯಿಗಳ ಬಣ್ಣ ಅಮೆರಿಕದವುಗಳಿಗಿಂತ ಬೇರೆ. ವಿದೇಶದ ಸಂಗ್ರಾಹಕರು ಅವನ್ನೇ ಹುಡುಕಿಕೊಂಡು ಬರುತ್ತಾರೆ.

4. ಕಾರ್ಟೂನನ್ನು ರಾತ್ರಿಗೊಂದೇ ಕಂತು ನೋಡಿ. ಬಾಡಿಗೆ ಕ್ಯಾಸೆಟ್ಟಿನಲ್ಲಿ ಘೋರ ಯುದ್ಧವೆಂದು ಉಸಿರು ಬಿಗಿಹಿಡಿದು ನೋಡಿದ್ದರಲ್ಲಿ ಯಾರೂ ಸಾಯುವುದಿಲ್ಲ! ಒಂದು ಪಡೆಗೆ ಕೆಂಪು ಕಿರಣ, ಇನ್ನೊಂದಕ್ಕೆ ನೀಲಿ. ವಿಮಾನ ಉರುಳಿದರೆ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ. ಈ ಸಿಪಾಯಿಗಳು ಅಮೆರಿಕದ ಅಂಗಡಿಗೆ ಬಂದದ್ದು 1982ರಲ್ಲಿ, ಕಾರ್ಟೂನ್ ಮರುವರ್ಷ. ಆಟಿಕೆ ಮಾರಲೆಂದೇ ಹೆಣೆದ ಕಥೆಯೆಂದು ತಿಳಿದಾಗ ಬೇಸರವಾಗಲಿಲ್ಲ. ನಮ್ಮ ಕಥೆ ನಡೆದದ್ದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಅದನ್ನು ನಮಗೆ ಯಾರೂ ಮಾರಿರಲಿಲ್ಲ.

5. ಡಬ್ಬದ ರಟ್ಟಿನ ಹಿಂಬದಿಯನ್ನು ಓದಿ. ಒಬ್ಬೊಬ್ಬ ಸಿಪಾಯಿಗೂ ಊರು, ಕಸುಬು, ಸ್ವಭಾವ ಕೊಟ್ಟು ಆ ಪರಿಚಯಗಳನ್ನು ಬರೆದವರು ಲ್ಯಾರಿ ಹಾಮಾ. ಕರಿ ಉಡುಪಿನ, ಮಾತೇ ಆಡದ ಸ್ನೇಕ್ ಐಸ್‌ನ ನಿಜ ಹೆಸರಿನ ಜಾಗದಲ್ಲಿ ಅದು ಗುಟ್ಟು ಎಂದಿದೆ. ಇಂಗ್ಲಿಷ್ ಬಾರದ ಕಾಲದಲ್ಲಿ ನಾವು ಅವನಿಗೆ ಮೌನಿ ಮಾಮ ಎಂದು ಹೆಸರಿಟ್ಟಿದ್ದೆವು.

6. ಜೊತೆಗೆ ಆಡಿದವರಿಗೆ ತಿಳಿಸಿ. ರಿಂಗ್ ಹಾಕಿದ ರಾತ್ರಿಯೇ ತಮ್ಮನಿಗೆ ಫೋನ್ ಮಾಡಿ, "ಮೌನಿ ಮಾಮ ಎದ್ದು ನಿಂತ ಕಣೋ" ಅಂದೆ.

"ಅವನ ಎಡಗಾಲು ಮೊದಲಿಂದ್ಲೂ ಸಡಿಲ ಅಲ್ವಾ ಅಣ್ಣ," ಅಂದ. "ಗೋಡೆಗೆ ಒರಗಿಸಿ ನಿಲ್ಲಿಸು."