ತಂಪನ್ನು ನಂಬಿ ಮೈಮರೆಯಬಾರದು: ಬೇಸಿಗೆಯ ಗಿರಿಪ್ರವಾಸಕ್ಕೆ ಎಂಟು ಹೆಜ್ಜೆಗಳು

ಬಯಲುಸೀಮೆಯ ಊರುಗಳು ಕಾದ ಹೆಂಚಿನಂತಾಗುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಮಕ್ಕಳ ರಜೆಯೂ ಕೂಡಿಬರುವುದರಿಂದ, ಚಿಕ್ಕಮಗಳೂರಿನ ಗಿರಿಸಾಲಿನತ್ತ ಹೊರಡುವ ಕುಟುಂಬಗಳ ಸಂಖ್ಯೆ ಏರುತ್ತದೆ. ಚಂದ್ರದ್ರೋಣ ಪರ್ವತವೆಂದೂ ಹೆಸರಾದ ಈ ಸಾಲಿನಲ್ಲಿ ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ (1,930 ಮೀಟರ್), ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ ಮೊದಲಾದ ತಾಣಗಳಿವೆ. ಎತ್ತರ ಹೆಚ್ಚಿದಂತೆ ಗಾಳಿಯ ಉಷ್ಣಾಂಶವು ಪ್ರತಿ ಸಾವಿರ ಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಸುಮಾರು 1,090 ಮೀಟರ್ ಎತ್ತರದ ಚಿಕ್ಕಮಗಳೂರು ಪೇಟೆಗಿಂತ ಶಿಖರದ ಮೇಲೆ ಐದು ಡಿಗ್ರಿಯಷ್ಟು ತಂಪಿರುವುದು ಈ ಕಾರಣದಿಂದ. ಆದರೆ ಈ ತಂಪು ಚರ್ಮಕ್ಕೆ ತಿಳಿಯುವ ಸುಖವೇ ಹೊರತು ಅಪಾಯಗಳ ಇಳಿಕೆಯಲ್ಲ. ಬಿಸಿಲಿನ ತೀಕ್ಷ್ಣತೆ, ಮೈಯ ನೀರಿನ ನಷ್ಟ, ಒಣಗಿದ ಹುಲ್ಲಿನ ಕಿಚ್ಚು, ಮಧ್ಯಾಹ್ನದ ಸಿಡಿಲು ಇವೆಲ್ಲವನ್ನೂ ಅದು ಮರೆಮಾಡುತ್ತದೆ. ಆದುದರಿಂದ ಬೇಸಿಗೆಯ ಗಿರಿಪ್ರವಾಸದ ಸಿದ್ಧತೆಯು ತಂಪಿನ ಹಿಂದೆ ಅಡಗಿರುವುದನ್ನು ಗುರುತಿಸುವುದರಿಂದ ಆರಂಭವಾಗಬೇಕು.

ಹೆಜ್ಜೆ 1: ಹೊರಡುವ ಮುನ್ನ

ಕಾಳ್ಗಿಚ್ಚಿನ ಭಯವಿರುವ ತಿಂಗಳುಗಳಲ್ಲಿ ಅರಣ್ಯ ಇಲಾಖೆಯು ಚಾರಣಪಥಗಳನ್ನು ಮುಚ್ಚುವುದುಂಟು. ಜನದಟ್ಟಣೆಯ ದಿನಗಳಲ್ಲಿ ಗಿರಿಗೆ ಹೋಗುವ ವಾಹನಗಳ ಮೇಲೂ ಜಿಲ್ಲಾಡಳಿತದ ನಿರ್ಬಂಧಗಳಿರುತ್ತವೆ. ಪ್ರವೇಶವಿದೆಯೇ, ಮುಂಗಡ ನೋಂದಣಿ ಬೇಕೇ ಎಂಬುದನ್ನು ಮನೆಯಿಂದ ಹೊರಡುವ ಮೊದಲೇ ವಿಚಾರಿಸಿಕೊಂಡರೆ ಕೈಮರದ ತನಿಖಾ ಠಾಣೆಯ ಬಳಿ ಸಾಲಿನಲ್ಲಿ ಕಾದು ಹಿಂದಿರುಗುವ ಪ್ರಸಂಗ ತಪ್ಪುತ್ತದೆ. ಕಣಿವೆಗಳಲ್ಲಿ ಮೊಬೈಲ್ ಸಂಕೇತ ಕಡಿದುಹೋಗುವುದು ಸಾಮಾನ್ಯವಾದ ಕಾರಣ, ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡು, ಹೋಗುವ ದಾರಿ ಮತ್ತು ಹಿಂದಿರುಗುವ ಹೊತ್ತನ್ನು ಮನೆಯವರಿಗೋ ತಂಗುವ ಮನೆಯವರಿಗೋ ತಿಳಿಸಿರಬೇಕು. ತುರ್ತು ನೆರವಿಗೆ 112, ಆಂಬುಲೆನ್ಸಿಗೆ 108 ಎಂಬ ಸಂಖ್ಯೆಗಳು ಮಕ್ಕಳಿಗೂ ಬಾಯಿಪಾಠವಾಗಿದ್ದರೆ ಒಳ್ಳೆಯದು.

ಎತ್ತರದ ಕಾಯಿಲೆ, ಅಂದರೆ ಆಮ್ಲಜನಕದ ಕೊರತೆಯಿಂದ ಬರುವ ತಲೆನೋವು ಮತ್ತು ವಾಕರಿಕೆ, ಸಾಮಾನ್ಯವಾಗಿ 2,500 ಮೀಟರ್‌ಗಿಂತ ಮೇಲೆ ಕಾಣಿಸಿಕೊಳ್ಳುವಂಥದ್ದು. ಲೇಹ್‌ನಂತಹ ಊರಿಗೆ ಹೋಗುವವರು ಅದಕ್ಕೆ ಸಿದ್ಧರಾಗಬೇಕೇ ಹೊರತು ನಮ್ಮ ಗಿರಿಗಳಲ್ಲಿ ಅದರ ಚಿಂತೆ ಬೇಡ. ಮುಳ್ಳಯ್ಯನಗಿರಿಯ ಮೆಟ್ಟಿಲುಗಳನ್ನು ಹತ್ತುವಾಗ ಬರುವ ಏದುಸಿರು ಶ್ರಮದ್ದು. ಆದರೆ ಹೃದ್ರೋಗ, ಅಧಿಕ ರಕ್ತದೊತ್ತಡ ಇರುವವರಿಗೆ ಆ ಶ್ರಮವೇ ಹೆಚ್ಚಾಗಬಹುದಾದ್ದರಿಂದ ಅವರು ವೈದ್ಯರನ್ನು ಕೇಳಿ ಹೊರಡಬೇಕು. ದಿನನಿತ್ಯದ ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.

ಹೆಜ್ಜೆ 2: ಘಾಟಿ ರಸ್ತೆಯಲ್ಲಿ

ಏರುವಾಗ ಎಂಜಿನ್ನಿಗೆ ಶ್ರಮ, ಇಳಿಯುವಾಗ ಬ್ರೇಕಿಗೆ ಶ್ರಮ ಎಂಬುದು ಘಾಟಿ ಚಾಲನೆಯ ಮೂಲಸೂತ್ರ. ಬಯಲಿನ ರಸ್ತೆಗೆ ಒಗ್ಗಿದ ಚಾಲಕರು ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಹಿಡಿದೇ ಇಳಿಯುತ್ತಾರೆ. ಹೀಗೆ ಎಡೆಬಿಡದೆ ಉಜ್ಜಿದಾಗ ಬ್ರೇಕ್ ಪ್ಯಾಡುಗಳು ವಿಪರೀತ ಕಾದು ಹಿಡಿತ ಕಳೆದುಕೊಳ್ಳುತ್ತವೆ. ಸುಟ್ಟ ರಬ್ಬರಿನಂಥ ವಾಸನೆ ಅದರ ಮೊದಲ ಸೂಚನೆ, ಪೆಡಲ್ ಮೆದುವಾಗಿ ಒಳಗಿಳಿಯುವುದು ಎರಡನೆಯದು. ಇದನ್ನು ತಪ್ಪಿಸಲು, ಹತ್ತಲು ಬಳಸಿದ ಗೇರಿನಲ್ಲೇ ಇಳಿಯುತ್ತ ಎಂಜಿನ್ನಿನ ತಡೆಯಿಂದಲೇ ವೇಗ ತಗ್ಗುವಂತೆ ಮಾಡಬೇಕು. ಆಟೊಮ್ಯಾಟಿಕ್ ಕಾರುಗಳಲ್ಲಿಯೂ ಇದಕ್ಕಾಗಿ ಕೆಳಗಿನ ಗೇರನ್ನು ಆರಿಸುವ ವ್ಯವಸ್ಥೆ ಇರುತ್ತದೆ. ಇಂಧನ ಉಳಿತಾಯದ ಆಸೆಯಿಂದ ನ್ಯೂಟ್ರಲ್‌ನಲ್ಲಿ ಇಳಿಯುವುದು ಅತ್ಯಂತ ಅಪಾಯಕಾರಿ. ಬ್ರೇಕಿನ ವಾಸನೆ ಬಂದ ಕೂಡಲೇ ಸುರಕ್ಷಿತ ಜಾಗದಲ್ಲಿ ನಿಂತು ಅದು ತಾನಾಗಿ ಆರಲು ಬಿಡಬೇಕೇ ಹೊರತು ನೀರು ಸುರಿಯಬಾರದು. ಎಂಜಿನ್ ಕಾದಾಗ ರೇಡಿಯೇಟರಿನ ಮುಚ್ಚಳವನ್ನು ತಕ್ಷಣ ತೆರೆದರೆ ಕುದಿನೀರು ಚಿಮ್ಮಿ ಮುಖ ಸುಡುತ್ತದೆ.

ಕಿರಿದಾದ ಕಡಿದಾದ ರಸ್ತೆಯಲ್ಲಿ ಏರುವ ವಾಹನಕ್ಕೆ ಮೊದಲ ದಾರಿ ಬಿಡಬೇಕೆಂಬುದು ನಿಯಮ, ಏಕೆಂದರೆ ಏರಿನಲ್ಲಿ ನಿಂತ ವಾಹನವನ್ನು ಮತ್ತೆ ಹೊರಡಿಸುವುದು ಕಷ್ಟ. ಹೇರ್‌ಪಿನ್ ತಿರುವುಗಳಲ್ಲಿ ಹಾರನ್ ಮಾಡಿ ಎಡಬದಿ ಹಿಡಿಯಬೇಕು, ತಿರುವಿನಲ್ಲಿ ಹಿಂದಿಕ್ಕುವ ಪ್ರಯತ್ನ ಸಲ್ಲದು. ಚಿತ್ರ ತೆಗೆಯಲು ತಿರುವಿನಲ್ಲೇ ಕಾರು ನಿಲ್ಲಿಸುವ ರೂಢಿಯು ಹಿಂದಿನಿಂದ ಬರುವವರ ಪ್ರಾಣಕ್ಕೂ ಎರವಾಗುತ್ತದೆ. ಮಂಜು ಕವಿದರೆ ದೀಪವನ್ನು ಕೆಳಮುಖವಾಗಿಯೇ ಇಟ್ಟುಕೊಳ್ಳಬೇಕು, ಮೇಲ್ಮುಖದ ಬೆಳಕು ಮಂಜಿಗೆ ತಾಕಿ ಚಾಲಕನ ಕಣ್ಣನ್ನೇ ಕುಕ್ಕುತ್ತದೆ.

ಹೆಜ್ಜೆ 3: ಬಿಸಿಲು ಮತ್ತು ನೀರು

ಎತ್ತರದಲ್ಲಿ ಸೂರ್ಯನ ಕಿರಣಗಳನ್ನು ಸೋಸುವ ಗಾಳಿಯ ಪದರ ತೆಳುವಾಗುವುದರಿಂದ, ಚರ್ಮವನ್ನು ಸುಡುವ ಅತಿನೇರಳೆ ಕಿರಣಗಳ ಪ್ರಮಾಣವು ಪ್ರತಿ ಸಾವಿರ ಮೀಟರಿಗೆ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಅಂದರೆ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಕರಾವಳಿಗಿಂತ ಐದನೆಯ ಒಂದು ಪಾಲಿನಷ್ಟು ಅಧಿಕ. ಗಾಳಿ ತಂಪಾಗಿ ಬೀಸುತ್ತಿರುವುದರಿಂದ ಸುಡುವುದು ತಿಳಿಯದೆ, ಸಂಜೆ ಸ್ನಾನಕ್ಕೆ ಬಿಸಿನೀರು ತಾಗಿದಾಗ ಕತ್ತಿನ ಹಿಂಭಾಗ ಉರಿಯುತ್ತದೆ. ಅಗಲ ಅಂಚಿನ ಟೋಪಿ, ತೋಳು ಮುಚ್ಚುವ ಹತ್ತಿಬಟ್ಟೆ ಮತ್ತು ಸನ್‌ಸ್ಕ್ರೀನ್ ಲೇಪ ಇದ್ದರೆ ಈ ತೊಂದರೆ ಇರದು.

ಬೆವರು ಗಾಳಿಗೆ ಕೂಡಲೇ ಆರಿಬಿಡುವುದರಿಂದ ಮೈ ಎಷ್ಟು ನೀರು ಕಳೆದುಕೊಂಡಿತೆಂಬ ಅರಿವೂ ಬರುವುದಿಲ್ಲ. ಬಾಯಾರಿಕೆಗೆ ಕಾಯದೆ, ನಡೆಯುವಾಗ ಗಂಟೆಗೆ ಅರ್ಧ ಲೀಟರಿನಷ್ಟು ನೀರನ್ನು ಗುಟುಕುಗುಟುಕಾಗಿ ಕುಡಿಯಬೇಕು. ಲವಣಸಕ್ಕರೆ ದ್ರಾವಣದ ಪೊಟ್ಟಣ ಸಿಗದಿದ್ದರೆ, ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪನ್ನು ಮಟ್ಟಸವಾಗಿ ಅಳೆದು ಬೆರೆಸಿದರೂ ಸಾಕು. ಮೈ ಕಾದು, ಮಾತು ತೊದಲಿ, ಬುದ್ಧಿ ಮಂಕಾದರೆ ಅದು ಬಿಸಿಲಿನ ಆಘಾತ. ಅಂಥವರನ್ನು ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಬೇಕು.

ಹೆಜ್ಜೆ 4: ಮಧ್ಯಾಹ್ನದ ಸಿಡಿಲು

ಕಾಫಿ ಬೆಳೆಗಾರರು ಕಾತರದಿಂದ ಕಾಯುವ ಹೂಮಳೆ, ಅಂದರೆ ಗಿಡಗಳಲ್ಲಿ ಹೂ ಅರಳಿಸುವ ಬೇಸಿಗೆಯ ಮೊದಲ ಮಳೆ, ಮತ್ತು ಅದರ ನಂತರದ ಮುಂಗಾರುಪೂರ್ವ ಮಳೆಗಳು ಬಹುತೇಕ ಗುಡುಗುಸಿಡಿಲಿನೊಡನೆಯೇ ಬರುತ್ತವೆ. ಬೆಳಗಿನಿಂದ ಕಾದ ನೆಲದ ತೇವದ ಗಾಳಿಯು ಗಿರಿಯ ಇಳಿಜಾರಿನಗುಂಟ ಮೇಲೇರಿ ಮಧ್ಯಾಹ್ನದ ಹೊತ್ತಿಗೆ ದಟ್ಟ ಮೋಡವಾಗುತ್ತದೆ. ಹೂಕೋಸಿನಂತೆ ಮೇಲಕ್ಕೆ ಉಬ್ಬುತ್ತ ಅಡಿಭಾಗ ಕಪ್ಪಾಗುವ ಮೋಡ ಕಂಡರೆ ಇಳಿಯುವ ಹೊತ್ತಾಯಿತೆಂದೇ ತಿಳಿಯಬೇಕು. ಬೋಳು ನೆತ್ತಿಯ ಮೇಲೆ ನಿಂತ ಮನುಷ್ಯನೇ ಅಲ್ಲಿನ ಅತಿ ಎತ್ತರದ ವಸ್ತುವಾಗುವುದರಿಂದ ಸಿಡಿಲು ಬಡಿಯುವ ಸಂಭವವೂ ಅವನಿಗೇ ಹೆಚ್ಚು.

ದೂರವನ್ನು ಅಳೆಯುವ ಕ್ರಮ ಸರಳವಾಗಿದೆ. ಶಬ್ದವು ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕಾದ್ದರಿಂದ, ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ದೂರ ತಿಳಿಯುತ್ತದೆ. ಎಣಿಕೆ 30ರೊಳಗಿದ್ದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಕೂಡಲೇ ಆಸರೆ ಸೇರಬೇಕು. ಕೊನೆಯ ಗುಡುಗಿನ ಬಳಿಕ 30 ನಿಮಿಷ ಕಳೆಯುವವರೆಗೆ ಹೊರಬರಬಾರದು. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಮೊಬೈಲ್ ಆ್ಯಪ್ ಹತ್ತಿರದ ಸಿಡಿಲಿನ ಮುನ್ಸೂಚನೆ ನೀಡುತ್ತದೆ.

ಗೋಡೆಗಳಿರುವ ಕಟ್ಟಡ ಅಥವಾ ಗಾಜು ಏರಿಸಿದ ಲೋಹಮೈಯ ಕಾರು ಸುರಕ್ಷಿತ. ನಾಲ್ಕು ಕಂಬದ ಮಂಟಪ, ಒಂಟಿಮರ, ತಂತಿಬೇಲಿ, ವೀಕ್ಷಣಾ ಗೋಪುರ ಇವು ಸುರಕ್ಷಿತವಲ್ಲ. ಯಾವ ಆಸರೆಯೂ ಇಲ್ಲದಿದ್ದರೆ ಶಿಖರದಿಂದ ಕೆಳಗಿನ ತಗ್ಗಿಗೆ ಸರಿದು, ಒಬ್ಬರಿಂದೊಬ್ಬರು ದೂರವಿದ್ದು, ಪಾದಗಳನ್ನು ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಬೇಕು, ಮಲಗಬಾರದು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಮುಟ್ಟಲು ಹೆದರಿ ಜನ ದೂರ ನಿಲ್ಲುವುದರಿಂದಲೇ ಉಳಿಯಬಹುದಾದ ಜೀವ ಹೋಗಬಹುದು. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿರಿಸಿ, ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತ ಆಂಬುಲೆನ್ಸ್ ಬರುವವರೆಗೆ ಬಿಡದೆ ಮುಂದುವರಿಸಬೇಕು.

ಹೆಜ್ಜೆ 5: ಕಾಳ್ಗಿಚ್ಚು

ಈ ಗಿರಿಗಳ ನೆತ್ತಿಯಲ್ಲಿ ಹುಲ್ಲುಗಾವಲು, ಕಣಿವೆಯ ಮಡಿಲಲ್ಲಿ ಶೋಲಾ ಎಂದು ಕರೆಯಲಾಗುವ ಗಿಡ್ಡಮರಗಳ ಕಾಡು ಇದೆ. ಮಳೆಗಾಲದಲ್ಲಿ ಹಸಿರಾಗಿರುವ ಹುಲ್ಲು ಮಾರ್ಚ್ ವೇಳೆಗೆ ಬಂಗಾರದ ಬಣ್ಣಕ್ಕೆ ತಿರುಗಿ, ಒಂದು ಬೀಡಿತುಂಡಿಗೂ ಹತ್ತಿಕೊಳ್ಳುವಂತಾಗುತ್ತದೆ. ಆದ್ದರಿಂದ ಧೂಮಪಾನ, ಒಲೆ ಹೂಡುವುದು, ಶಿಬಿರಾಗ್ನಿ ಇವೆಲ್ಲವೂ ವರ್ಜ್ಯ; ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧವೂ ಹೌದು. ಕಾರಿನ ಸೈಲೆನ್ಸರ್ ಕೊಳವೆಯ ಬಿಸಿಯೂ ಕಿಚ್ಚಿಗೆ ಕಾರಣವಾಗಬಹುದಾದ್ದರಿಂದ ಒಣಹುಲ್ಲಿನ ಮೇಲೆ ವಾಹನ ನಿಲ್ಲಿಸದೆ ಮಣ್ಣಿನ ನೆಲವನ್ನೇ ಆರಿಸಬೇಕು.

ಬೆಂಕಿಯ ಜ್ವಾಲೆಯು ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುವುದರಿಂದ ಕಿಚ್ಚು ಏರಿನಲ್ಲಿ ಮನುಷ್ಯನ ಓಟಕ್ಕಿಂತ ವೇಗವಾಗಿ ಹರಡಬಲ್ಲದು. ಕೆಳಗಿನಿಂದ ಹೊಗೆ ಕಂಡಾಗ ಮೇಲಕ್ಕೆ ಓಡುವುದು ಸಹಜವೆನಿಸಿದರೂ ಅದೇ ಮಾರಕ. ಗಾಳಿ ಬೀಸುವ ದಿಕ್ಕನ್ನು ನೋಡಿ, ಅದಕ್ಕೆ ಅಡ್ಡಲಾಗಿ ಪಕ್ಕಕ್ಕೆ ಸರಿದು, ರಸ್ತೆ, ಬಂಡೆ, ಕೆರೆಯಂಗಳ ಅಥವಾ ಈಗಾಗಲೇ ಸುಟ್ಟು ಆರಿದ ಜಾಗವನ್ನು ಸೇರಬೇಕು. ನೈಲಾನ್ ಬಟ್ಟೆ ಕರಗಿ ಮೈಗೆ ಅಂಟಿಕೊಳ್ಳುವುದರಿಂದ ಹತ್ತಿಬಟ್ಟೆ ತೊಡುವುದು ಲೇಸು.

ಹೆಜ್ಜೆ 6: ಜಲಪಾತದ ಬಳಿ

ಹೆಬ್ಬೆ, ಕಲ್ಹತ್ತಿಗಿರಿ ಜಲಪಾತಗಳಲ್ಲಿ ಬೇಸಿಗೆಯ ನೀರು ತೆಳ್ಳಗಿರುವುದೇ ಒಂದು ಆಮಿಷ. ಮಳೆಗಾಲದಲ್ಲಿ ಕಾಣದ ಬಂಡೆಗಳು ಹೊರಬಿದ್ದು ಹತ್ತಲು ಕರೆಯುತ್ತವೆ. ಅವುಗಳ ಮೇಲಿನ ಪಾಚಿ ನೋಡಲು ಒಣಗಿದಂತಿದ್ದರೂ ನೀರು ಸೋಂಕಿದೊಡನೆ ಜಾರುತ್ತದೆ. ಮೇಲಿನ ಕಾಡಿನಲ್ಲಿ ಬಿದ್ದ ಮಳೆ ಕೆಳಗಿನವರಿಗೆ ತಿಳಿಯುವುದಿಲ್ಲ. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಗಾಗಿ ಎಲೆ, ಕಡ್ಡಿ ತೇಲಿಬಂದರೆ ಕ್ಷಣವೂ ತಡಮಾಡದೆ ದಡ ಹತ್ತಬೇಕು. ಮುಳುಗುತ್ತಿರುವವರನ್ನು ಎತ್ತಲು ಈಜು ಬಾರದವರು ಧುಮುಕದೆ ಹಗ್ಗ, ಸೀರೆ, ಉದ್ದ ಕೋಲನ್ನು ಎಸೆಯಬೇಕು.

ಹೆಜ್ಜೆ 7: ಕಾಡಿನ ಜೀವಿಗಳು

ಮಲೆನಾಡಿನವರು ಉಣುಗು ಎನ್ನುವ ಕಿರುಜೀವಿ ಕಚ್ಚುವುದರಿಂದ ಹರಡುವ ಮಂಗನ ಕಾಯಿಲೆಯು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ವೈರಾಣು ಜ್ವರ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ತಾಲ್ಲೂಕುಗಳಲ್ಲಿಯೂ ಪ್ರಕರಣಗಳು ಕಂಡಿವೆ. ತರಗೆಲೆಯ ಮೇಲೆ ಕೂರದೆ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ ನಡೆದು, ಹಿಂದಿರುಗಿದ ಮೇಲೆ ಕಂಕುಳು, ಕಿವಿಯ ಹಿಂಭಾಗ, ಮಂಡಿಯ ಮಡಿಕೆಗಳನ್ನು ಪರೀಕ್ಷಿಸಿ ಬಿಸಿನೀರಿನಲ್ಲಿ ಸ್ನಾನ ಮಾಡಬೇಕು. ಅಂಟಿದ ಉಣುಗನ್ನು ಸುಡದೆ, ಸೀಮೆಎಣ್ಣೆ ಹಚ್ಚದೆ, ಚಿಮಟದಿಂದ ಚರ್ಮದ ಸಮೀಪವೇ ಹಿಡಿದು ನೇರವಾಗಿ ಎಳೆಯಬೇಕು. ಪ್ರವಾಸದ ನಂತರ ಎರಡು ವಾರದೊಳಗೆ ಜ್ವರ, ತೀವ್ರ ತಲೆನೋವು, ಮೈಕೈನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಹಾವು ಕಚ್ಚಿದಾಗ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಮೂರೂ ಹಾನಿಕರ. ಉಂಗುರ, ಬಳೆ ತೆಗೆದು, ಕಚ್ಚಿದ ಅಂಗ ಅಲುಗದಂತೆ ಇರಿಸಿ, ವಿಷನಿರೋಧಕ ಔಷಧವಿರುವ ಆಸ್ಪತ್ರೆಗೆ ಧಾವಿಸುವುದೊಂದೇ ಮಾರ್ಗ. ಹೆಜ್ಜೇನಿನ ಗೂಡಿರುವ ಬಂಡೆಯ ಬಳಿ ಹೊಗೆ, ಗದ್ದಲ, ಸುಗಂಧದ್ರವ್ಯ ಬೇಡ. ಅವು ಎದ್ದರೆ ಮುಖ ಮುಚ್ಚಿಕೊಂಡು ಕಟ್ಟಡ ಅಥವಾ ವಾಹನದೊಳಗೆ ಓಡಬೇಕು. ಆನೆ, ಕಾಡುಕೋಣ ಎದುರಾದರೆ ಫ್ಲಾಷ್, ಹಾರನ್, ಸೆಲ್ಫಿ ಯಾವುದೂ ಇಲ್ಲದೆ ಹಿಂದೆ ಸರಿದು ದಾರಿ ಬಿಡಬೇಕು.

ಹೆಜ್ಜೆ 8: ತಂಗುವ ಮನೆ

ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿತವಾದ ಹೋಂಸ್ಟೇಯನ್ನೇ ಆರಿಸಿ, ಹತ್ತಿರದ ಆಸ್ಪತ್ರೆ ಎಷ್ಟು ದೂರ, ಫೋನ್ ಸಿಗುತ್ತದೆಯೇ ಎಂಬುದನ್ನು ಮೊದಲ ದಿನವೇ ಕೇಳಿಕೊಳ್ಳಬೇಕು. ಗಾಳಿಯಾಡದ ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್ ಇದ್ದರೆ, ಅರೆಬರೆ ಉರಿದ ಅನಿಲದಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲವು ಸ್ನಾನ ಮಾಡುವವರ ಪ್ರಜ್ಞೆ ತಪ್ಪಿಸಬಲ್ಲದು. ಗೀಸರ್ ಹೊರಗಿರುವ ಅಥವಾ ಕಿಟಕಿ ತೆರೆದಿರುವ ಬಚ್ಚಲನ್ನೇ ಬಳಸಬೇಕು. ಈಜುಕೊಳವಿದ್ದಲ್ಲಿ ಮಕ್ಕಳ ಮೇಲೆ ಕಣ್ಣಿಡುವ ಹೊಣೆಯನ್ನು ಒಬ್ಬ ಹಿರಿಯರಿಗೆ ಸ್ಪಷ್ಟವಾಗಿ ವಹಿಸಬೇಕು. ಎಲ್ಲರೂ ನೋಡುತ್ತಾರೆಂದುಕೊಂಡಲ್ಲಿ ಯಾರೂ ನೋಡುತ್ತಿರುವುದಿಲ್ಲ.

ಇಷ್ಟೆಲ್ಲವನ್ನೂ ನೆನಪಿಡುವುದು ಕಷ್ಟವೆನಿಸಿದರೆ ಗಡಿಯಾರವೊಂದನ್ನು ಪಾಲಿಸಿದರೂ ಬಹುಪಾಲು ರಕ್ಷಣೆ ಸಿಗುತ್ತದೆ. ಬೆಳಕು ಹರಿದ ಕೂಡಲೇ ಗಿರಿ ಹತ್ತಿ ಮಧ್ಯಾಹ್ನದ ಊಟದ ಹೊತ್ತಿಗೆ ಕೆಳಗಿರುವವರಿಗೆ ನಡುಹಗಲಿನ ಬಿಸಿಲು, ಸಿಡಿಲು, ಸಂಜೆಯ ಮಂಜು ಮತ್ತು ಕತ್ತಲೆಯ ಘಾಟಿ, ಈ ನಾಲ್ಕೂ ಒಂದೇ ಬಾರಿಗೆ ತಪ್ಪುತ್ತವೆ.