ಹಾರುವ ಮುನ್ನ ಕೀಳಬೇಕಾದ ಕಡ್ಡಿ

ನಿಲ್ಲಿಸಿಟ್ಟ ಸೆಸ್ನಾ ವಿಮಾನದ ಬಾಗಿಲು ತೆಗೆದರೆ, ಸ್ಟಿಯರಿಂಗಿನಂಥ ಹಿಡಿಕೆಯ ಕಂಬಕ್ಕೆ ಒಂದು ಕಬ್ಬಿಣದ ಕಡ್ಡಿ ತೂರಿಸಿಟ್ಟಿರುವುದು ಕಾಣುತ್ತದೆ. ಕಡ್ಡಿಗೊಂದು ಕೆಂಪು ತಗಡು. ಇದರ ಹೆಸರು ಕಂಟ್ರೋಲ್ ಲಾಕ್. ಬಯಲಲ್ಲಿ ನಿಂತ ವಿಮಾನದ ರೆಕ್ಕೆ, ಬಾಲಗಳಲ್ಲಿರುವ ಆಡುವ ಹಲಗೆಗಳು ಗಾಳಿಗೆ ಬಡಿದುಕೊಂಡು ಹಾಳಾಗದಿರಲಿ ಎಂದು ಹಾಕಿದ ಅಗುಳಿ. ಹಾರುವ ಮುನ್ನ ಅದನ್ನು ಕೀಳಬೇಕು. ಕೀಳದೆ ಹೊರಟರೂ ವಿಮಾನ ಓಡುತ್ತದೆ, ನೆಲವನ್ನೂ ಬಿಟ್ಟೀತು. ಆಮೇಲೆ ಮಾತ್ರ ನಿಮ್ಮ ಮಾತು ಕೇಳುವುದಿಲ್ಲ. ಅದಕ್ಕೇ ಆ ತಗಡು ಎಂಜಿನ್ ಕೀಲಿ ಹಾಕುವ ಜಾಗವನ್ನೇ ಮರೆಮಾಡುವಂತೆ ಮಾಡಿರುತ್ತಾರೆ. ಮರೆವು ಬಂದೇ ಬರುತ್ತದೆ ಎಂದು ಮೊದಲೇ ಒಪ್ಪಿಕೊಂಡವರ ಕೆಲಸ ಅದು.

ಪೈಲಟ್ ಆಗಬೇಕೆಂದು ಬರುವ ಮಕ್ಕಳಿಗೆ ಯಲಹಂಕ ಉಪನಗರದ ನಮ್ಮ ಮನೆಯಲ್ಲಿ ಭಾನುವಾರ ಪಾಠ ಹೇಳುವಾಗ ನಾನು ಶುರು ಮಾಡುವುದು ಈ ಕಡ್ಡಿಯಿಂದ. ಜೊತೆಗೆ ಬಂದ ಅಪ್ಪಂದಿರಿಗೆ ಇದು ಹಿಡಿಸುವುದಿಲ್ಲ. “ಸಾರ್, ಎಷ್ಟು ವರ್ಷಕ್ಕೆ ಕ್ಯಾಪ್ಟನ್ ಆಗ್ತಾನೆ? ಒಟ್ಟು ಎಷ್ಟು ಖರ್ಚಾಗುತ್ತೆ?” ಹೇಳುತ್ತೇನೆ, ಕಡ್ಡಿಯ ಕಥೆ ಮುಗಿಯಲಿ.

1935ರ ಅಕ್ಟೋಬರ್ 30. ಅಮೆರಿಕದ ಓಹಾಯೋ ರಾಜ್ಯದ ರೈಟ್ ಫೀಲ್ಡ್. ಬೋಯಿಂಗ್ ಕಂಪನಿಯ ಹೊಸ ಬಾಂಬರ್ ‘ಮಾಡೆಲ್ 299’ರ ಪರೀಕ್ಷೆ ನಡೆದಿತ್ತು. ನಾಲ್ಕು ಎಂಜಿನ್, ಆ ಕಾಲಕ್ಕೆ ಬೆರಗಿನ ಯಂತ್ರ. ನಡೆಸುತ್ತಿದ್ದ ಮೇಜರ್ ಪ್ಲಾಯರ್ ಹಿಲ್ ಪಳಗಿದ ಪರೀಕ್ಷಾ ಪೈಲಟ್. ವಿಮಾನ ನೆಲ ಬಿಟ್ಟು ಕಡಿದಾಗಿ ಏರಿತು, ಗಾಳಿಯ ಹಿಡಿತ ತಪ್ಪಿ ಬಿತ್ತು, ಹೊತ್ತಿ ಉರಿಯಿತು. ಹಿಲ್ ಮತ್ತು ಬೋಯಿಂಗ್‌ನ ಪೈಲಟ್ ಲೆಸ್ಲಿ ಟವರ್ ಇಬ್ಬರೂ ಉಳಿಯಲಿಲ್ಲ. ಯಂತ್ರದಲ್ಲಿ ದೋಷವೇ ಇರಲಿಲ್ಲ. ಗಾಳಿಗೆಂದು ಹಾಕಿದ್ದ ಅಗುಳಿಯನ್ನು ಯಾರೂ ತೆಗೆದಿರಲಿಲ್ಲ.

ಇನ್ನಷ್ಟು ಜಾಣ ಪೈಲಟ್‌ಗಳನ್ನು ಹುಡುಕೋಣ ಎಂದು ಪರೀಕ್ಷೆ ನಡೆಸಿದವರು ಹೊರಡಬಹುದಿತ್ತು. ಹಿಲ್‌ಗಿಂತ ಜಾಣರನ್ನು ಎಲ್ಲಿಂದ ತರುವುದು? ಉಳಿದ ಪೈಲಟ್‌ಗಳು ಕೂತು ಒಂದು ಪಟ್ಟಿ ಬರೆದರು: ಹೊರಡುವ ಮುನ್ನ ಏನೇನು, ಏರುವ ಮುನ್ನ ಏನೇನು, ಇಳಿಯುವಾಗ ಏನೇನು. ಅದೇ ಮಾದರಿಯ ವಿಮಾನ ಮುಂದೆ ಬಿ-17 ಎಂಬ ಹೆಸರಲ್ಲಿ ಮಹಾಯುದ್ಧದುದ್ದಕ್ಕೂ ಹಾರಿತು. ಇವತ್ತು ಚೆಕ್‌ಲಿಸ್ಟ್ ಎನ್ನುತ್ತೇವಲ್ಲ, ಅದು ವಿಮಾನಗಳಲ್ಲಿ ಬೇರುಬಿಟ್ಟದ್ದು ಹೀಗೆ. ಮೂವತ್ತು ವರ್ಷ ಹಾರಿಸಿದ ಕ್ಯಾಪ್ಟನ್ ಕೂಡ ಪಟ್ಟಿ ಹಿಡಿದು ಓದಿಯೇ ಹೊರಡುತ್ತಾರೆ. ನಮ್ಮಲ್ಲಿ ಬರೆದುಕೊಂಡು ಹೋಗುವವನನ್ನು ಕಂಡರೆ ‘ಇಷ್ಟೂ ನೆನಪಿರಲ್ವೇ’ ಎಂದು ನಗುತ್ತೇವೆ. ವಿಮಾನದಲ್ಲಿ ನಗುವುದು ಓದದವನನ್ನು ನೋಡಿ.

ಇದೆಲ್ಲ ದೂರದ ಮಾತಾಯಿತು ಎನ್ನುವವರು ಒಮ್ಮೆ ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಬನ್ನಿ. ಬಲಕ್ಕೆ ಜಕ್ಕೂರು ವಿಮಾನ ಮೈದಾನ. ಹೆದ್ದಾರಿಯ ನೆತ್ತಿಯ ಮೇಲೇ ಪುಟ್ಟ ವಿಮಾನವೊಂದು ತೇಲಿ ಇಳಿಯುವುದನ್ನು ಬಸ್ಸಿನ ಕಿಟಕಿಯಿಂದ ಕಂಡವರು ಈ ಭಾಗದಲ್ಲಿ ಬಹಳ. ಜಯಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1949ರಲ್ಲಿ ಶುರುವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವುದು ಇಲ್ಲೇ. ಇಲ್ಲಿ ಕಲಿತ ಮೊದಲಿಗರಲ್ಲಿ ಉಷಾ ಸುಂದರಂ ಒಬ್ಬರು. 1951ರಲ್ಲಿ ಅವರು, ಮಹಾರಾಜರ ಪೈಲಟ್ ಆಗಿದ್ದ ಪತಿ ಕ್ಯಾಪ್ಟನ್ ವಿ. ಸುಂದರಂ ಜೊತೆಗೂಡಿ, ಡಿ ಹ್ಯಾವಿಲ್ಯಾಂಡ್ ಡವ್ ವಿಮಾನವನ್ನು ಲಂಡನ್ನಿನಿಂದ ಮುಂಬೈಗೆ 27 ಗಂಟೆಯಲ್ಲಿ ತಂದರು. ‘ಹೆಣ್ಣುಮಗುವಿಗೆ ಇದೆಲ್ಲ ಆಗುತ್ತಾ ಸಾರ್’ ಎಂದು ಈಗಲೂ ಕೇಳುವವರಿದ್ದಾರೆ. ಅವರಿಗೆ ಈ ಇಸವಿಯನ್ನು ಹೇಳಿ ಸುಮ್ಮನಾಗುತ್ತೇನೆ.

ಜಕ್ಕೂರಿನ ಆಕಾಶ ಈಗ ಆಗಿನಷ್ಟು ಖಾಲಿಯಿಲ್ಲ. ಪಕ್ಕದಲ್ಲೇ ಯಲಹಂಕದ ವಾಯುಪಡೆ ನೆಲೆ, 1996ರಿಂದ ಏರೋ ಇಂಡಿಯಾ ನಡೆಯುವ ಜಾಗ. ಉತ್ತರಕ್ಕೆ 2008ರಿಂದ ದೇವನಹಳ್ಳಿಯ ದೊಡ್ಡ ನಿಲ್ದಾಣ, ದಕ್ಷಿಣಕ್ಕೆ ಎಚ್‌ಎಎಲ್ ವಿಮಾನ ನಿಲ್ದಾಣ. ನಡುವೆ ಸಿಕ್ಕ ಕಿಂಡಿಯಲ್ಲಿ ನಮ್ಮ ಹುಡುಗರು ಹಾರಬೇಕು. ರೇಡಿಯೊದಲ್ಲಿ ಅಪ್ಪಣೆ ಕೇಳಿ ಕಾಯುವುದೂ ಪಾಠದ ಭಾಗವೇ.

ಇಲ್ಲಿ ಹೊಸಬರಿಗೆ ನಾನು ಕೊಡುವ ಒಂದು ಲೆಕ್ಕವಿದೆ, ನಿಧಾನವಾಗಿ ನೋಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಮಾದರಿ ವಾತಾವರಣದಲ್ಲಿ ಸಮುದ್ರಮಟ್ಟದ ಉಷ್ಣತೆ 15 ಡಿಗ್ರಿ, ಸಾವಿರ ಅಡಿಗೆ ಸುಮಾರು 2 ಡಿಗ್ರಿಯಂತೆ ಇಳಿಯುತ್ತದೆ. ಹಾಗಾದರೆ ಇಲ್ಲಿ 9 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ 35 ಇದೆ ಎನ್ನಿ, 26 ಡಿಗ್ರಿ ಹೆಚ್ಚು. ಕಾದ ಗಾಳಿ ತೆಳು. ಹೆಚ್ಚಿನ ಪ್ರತಿ ಡಿಗ್ರಿಗೂ ಸುಮಾರು 120 ಅಡಿ ಕೂಡಿಸಬೇಕು. 26ನ್ನು 120ರಿಂದ ಗುಣಿಸಿದರೆ 3120. ನೆಲದ 3000 ಸೇರಿಸಿದರೆ 6120. ಅಂದರೆ ವಿಮಾನ ನಿಂತಿರುವುದು ಜಕ್ಕೂರಿನಲ್ಲಿ, ಆದರೆ ಅದರ ಎಂಜಿನ್ ಉಸಿರಾಡುತ್ತಿರುವುದು 6000 ಅಡಿಯ ತೆಳು ಗಾಳಿಯನ್ನು. ನಂದಿಬೆಟ್ಟದ ನೆತ್ತಿ 4850 ಅಡಿ. ಅದನ್ನೂ ದಾಟಿ ಮುಳ್ಳಯ್ಯನಗಿರಿಯ ತುದಿಗೆ ಹತ್ತಿರ ಬಂದಿರಿ. ಎಂಜಿನ್ನಿಗೆ ದಮ್ಮು ಕಡಿಮೆ, ಪಂಖದ ಹಿಡಿತ ಕಡಿಮೆ, ರೆಕ್ಕೆಗೆ ಆಸರೆ ಕಡಿಮೆ. ಬೆಳಿಗ್ಗೆ ಸಲೀಸಾಗಿ ಏರಿದ ವಿಮಾನ ಮಧ್ಯಾಹ್ನ ರನ್‌ವೇಯ ತುದಿಯವರೆಗೂ ಓಡಿಸಿ ಬೆವರಿಳಿಸುತ್ತದೆ. ಹಿಮಾಲಯ ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎವರೆಸ್ಟ್ ತುದಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮೂರಿನ ಅರ್ಧಕ್ಕಿಂತಲೂ ಕಡಿಮೆ.

ಬೆಟ್ಟದ ಮಾತು ಬಂದದ್ದು ಒಳ್ಳೆಯದಾಯಿತು. ನನ್ನ ಬಳಿ ಬರುವವರಲ್ಲಿ ಕೆಲವರು ವಾರಾಂತ್ಯಕ್ಕೆ ಸ್ಕಂದಗಿರಿ, ಮಾಕಳಿದುರ್ಗ ಎಂದು ಹೊರಡುವವರು. ಇನ್ನು ಕೆಲವರು ರಾಮನಗರದ ಬಂಡೆಗಳಿಗೆ ಹಗ್ಗ ಹಿಡಿದು ಹೋಗುತ್ತಾರೆ. ಕೊಡಗಿನ ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿಯಲ್ಲಿ ಶಿಬಿರ ಮಾಡಿದವರೂ ಉಂಟು. ಇವರಿಗೆ ಹಾರುವ ಪಾಠ ಬೇಗ ಹತ್ತುತ್ತದೆ. ಧೈರ್ಯ ಹೆಚ್ಚಿರುವುದು ಅದಕ್ಕೆ ಕಾರಣ ಎಂದು ನನಗನಿಸಿಲ್ಲ. ಬಂಡೆ ಏರುವವರು ನೆಲ ಬಿಡುವ ಮೊದಲು ಒಬ್ಬರನ್ನೊಬ್ಬರು ತಡವಿ ನೋಡುತ್ತಾರೆ: ಸೊಂಟದ ಪಟ್ಟಿ ಬಿಗಿಯಾಗಿದೆಯೇ, ಗಂಟು ಪೂರ್ತಿಯಾಗಿದೆಯೇ, ಹಗ್ಗ ಸಿಕ್ಕಿಸುವ ಕೊಂಡಿಯ (ಕ್ಯಾರಬಿನರ್) ತಿರುಪು ಮುಚ್ಚಿದೆಯೇ. ಕಣ್ಣಿಗೆ ಕಂಡರೆ ಸಾಲದು, ಕೈಯಿಟ್ಟು ಎಳೆದು ನೋಡಬೇಕು. 1989ರಲ್ಲಿ ಫ್ರಾನ್ಸಿನ ಬುವೂ ಎಂಬಲ್ಲಿ ಲಿನ್ ಹಿಲ್ ಎಂಬಾಕೆ, ಆ ಕಾಲದ ಜಗತ್ತಿನ ಅತ್ಯುತ್ತಮ ಆರೋಹಿಗಳಲ್ಲೊಬ್ಬಳು, ಹಗ್ಗದ ಗಂಟನ್ನು ಅರ್ಧ ಹಾಕಿ ಮರೆತಳು. ಮೇಲೆ ಮುಟ್ಟಿ ಹಗ್ಗಕ್ಕೆ ಮೈ ಒರಗಿಸಿದಾಗ ಇಪ್ಪತ್ತು ಮೀಟರಿಗೂ ಮೇಲಿಂದ ಬಿದ್ದಳು. ಮರದ ಕೊಂಬೆ ತಡೆದು ಬದುಕಿದಳು. ಪ್ಲಾಯರ್ ಹಿಲ್, ಲಿನ್ ಹಿಲ್. ಹೆಸರು ಕೂಡಿದ್ದು ಕಾಕತಾಳೀಯ, ಮರೆವು ಒಂದೇ.

ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುತ್ತ ಖಾಸಗಿ ಪೈಲಟ್ ಪರವಾನಗಿಗೆ ಓದುವವರೂ ನನ್ನಲ್ಲಿದ್ದಾರೆ. ಅವರಿಗೆ ಬಹಳ ಇಷ್ಟವಾಗುವುದು ‘ಮೌನದ ಕಾಕ್‌ಪಿಟ್’ ಎಂದು ನಾನು ಕರೆಯುವ ನಿಯಮ. 1974ರಲ್ಲಿ ಅಮೆರಿಕದ ಷಾರ್ಲೆಟ್ ಬಳಿ ಇಳಿಯುವ ಹೊತ್ತಿನಲ್ಲಿ ಪೈಲಟ್‌ಗಳು ರಾಜಕೀಯ, ಹಳೇ ಕಾರು ಎಂದು ಹರಟುತ್ತಿದ್ದ ವಿಮಾನವೊಂದು ನೆಲಕ್ಕಪ್ಪಳಿಸಿತು. 1981ರಲ್ಲಿ ಅಲ್ಲಿ ನಿಯಮ ಬಂತು: 10,000 ಅಡಿಗಿಂತ ಕೆಳಗೆ ಕೆಲಸದ್ದಲ್ಲದ ಮಾತಿಲ್ಲ. ಮೇಲೆ ಹೋದಮೇಲೆ ಕಾಫಿಯೂ ಉಂಟು, ಹರಟೆಯೂ ಉಂಟು. ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನ ತಂಡದಲ್ಲಿ ಸಾಫ್ಟ್‌ವೇರ್ ಬಿಡುಗಡೆ ಮಾಡುವ ಅರ್ಧ ಗಂಟೆಯನ್ನು ‘ಹತ್ತು ಸಾವಿರದ ಕೆಳಗೆ’ ಎಂದೇ ಕರೆಯುತ್ತಾಳಂತೆ. ಆಗ ಫೋನಿಲ್ಲ, ಚಾಟಿಲ್ಲ. ದಿನವಿಡೀ ಮೌನ ಹೇರುವ ಕಚೇರಿಗಿಂತ ಇದು ವಾಸಿ. ಆಸ್ಪತ್ರೆಗಳೂ ವಿಮಾನದ ಪಟ್ಟಿಯ ದಾರಿ ಹಿಡಿದವು. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಚೆಕ್‌ಲಿಸ್ಟನ್ನು ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು.

ಸರಿ, ಅಪ್ಪಂದಿರ ಪ್ರಶ್ನೆ. ಕಮರ್ಷಿಯಲ್ ಪೈಲಟ್ ಪರವಾನಗಿಗೆ 18 ತುಂಬಿರಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿಕೊಂಡೇ ಬನ್ನಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಪರೀಕ್ಷೆಗಳಲ್ಲಿ ದಾರಿ ಲೆಕ್ಕ, ಹವಾಮಾನ, ವಾಯುಯಾನ ನಿಯಮ, ಯಂತ್ರಜ್ಞಾನ ಇರುತ್ತವೆ, ಪಾಸಾಗಲು ನೂರಕ್ಕೆ 70 ಬೇಕು. ರೇಡಿಯೊದಲ್ಲಿ ಮಾತಾಡಲು ಬೇರೆ ಪರವಾನಗಿ. ಹಾರಾಟ 200 ಗಂಟೆ, ಅದರಲ್ಲಿ 100 ಗಂಟೆ ವಿಮಾನದ ಹೊಣೆ ನಿಮ್ಮದೇ. 300 ನಾಟಿಕಲ್ ಮೈಲಿಯ ಒಂದು ಪಯಣ, ದಾರಿಯಲ್ಲಿ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿಯಬೇಕು. ರಾತ್ರಿ ಹಾರಾಟವೂ ಉಂಟು. ಖರ್ಚು ಹಲವು ಹತ್ತು ಲಕ್ಷ. ಅಷ್ಟಾದ ಮೇಲೂ ಕೈಗೆ ಬರುವುದು ಪರವಾನಗಿ, ನೌಕರಿಯಲ್ಲ. ದೊಡ್ಡ ವಿಮಾನಕ್ಕೆ ಬೇರೆ ತರಬೇತಿ, ಬೇರೆ ದುಡ್ಡು. ಕೋ-ಪೈಲಟ್ ಆಗಿ ವರ್ಷಗಳು ಕಳೆದಮೇಲೆ ಕ್ಯಾಪ್ಟನ್.

ಆದ್ದರಿಂದ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಫೀಸು ಕಟ್ಟುವ ಮೊದಲು ಕ್ಲಾಸ್ ಒನ್ ವೈದ್ಯಕೀಯ ಪರೀಕ್ಷೆ ಮುಗಿಸಿ. ಕನ್ನಡಕ ಇದ್ದರೆ ಹೆದರಬೇಡಿ. ಬಣ್ಣಗುರುಡು ಇದ್ದರೆ ಈಗಲೇ ತಿಳಿಯಲಿ. ಮನೆ ಅಡವಿಟ್ಟ ಮೇಲೆ ತಿಳಿದು ಅತ್ತವರನ್ನು ನೋಡಿದ್ದೇನೆ. ಶಾಲೆಯಲ್ಲಿ ಕೇಳಬೇಕಾದ್ದು ಎರಡೇ: ಇವತ್ತು ಹಾರಲು ಸಿದ್ಧವಿರುವ ವಿಮಾನ ಎಷ್ಟು, ಅದಕ್ಕೆ ಕಾದಿರುವ ವಿದ್ಯಾರ್ಥಿಗಳು ಎಷ್ಟು? ಹಾರದೆಯೂ ವಿಮಾನಗಳ ಜೊತೆ ಬದುಕಬಹುದು. ನಿರ್ವಹಣಾ ಎಂಜಿನಿಯರ್ ಸಹಿ ಹಾಕದೆ ಯಾವ ಕ್ಯಾಪ್ಟನ್ನೂ ಹೊರಡುವಂತಿಲ್ಲ. ಏರ್ ಟ್ರಾಫಿಕ್ ಕಂಟ್ರೋಲರ್‌ಗಳ ಕೆಲಸವೂ ಅಷ್ಟೇ ತೂಕದ್ದು.

ಮುಂದಿನ ಭಾನುವಾರ ಪೆಟ್ರೋಲ್ ಪಾಠ. ಒಂದು ಗಾಜಿನ ಲೋಟ, ಸ್ವಲ್ಪ ನೀರು, ಸ್ವಲ್ಪ ಕೊಬ್ಬರಿ ಎಣ್ಣೆ ತನ್ನಿ, ಅಪ್ಪಂದಿರೂ ಬರಬಹುದು. ರಾತ್ರಿಯ ತಂಪಿಗೆ ಟ್ಯಾಂಕಿನೊಳಗೆ ನೀರು ಹನಿಗಟ್ಟುತ್ತದೆ, ಭಾರವಾದ್ದರಿಂದ ತಳಕ್ಕಿಳಿಯುತ್ತದೆ. ಬೆಳಿಗ್ಗೆ ತಳದಿಂದ ಒಂದಿಷ್ಟು ಬಸಿದು ಬೆಳಕಿಗೆ ಹಿಡಿದರೆ ಎರಡರ ನಡುವೆ ಗೆರೆ ಕಾಣುತ್ತದೆ. ನಮ್ಮ ಪುಟ್ಟ ವಿಮಾನಗಳ ಪೆಟ್ರೋಲಿಗೆ ತಿಳಿನೀಲಿ ಬಣ್ಣ ಬೆರೆಸಿರುತ್ತಾರೆ, ಇದು ನೆನಪಿರಲಿ. ಈಗ ಪ್ರಶ್ನೆ: ಬಸಿದ ಲೋಟದಲ್ಲಿ ಗೆರೆಯೇ ಕಾಣಲಿಲ್ಲ ಎನ್ನಿ. ಹೊರಡಬಹುದೇ? ಯೋಚಿಸಿಕೊಂಡು ಬನ್ನಿ.